ತಪ್ಪನ್ನು ತಿಳಿಸುವ ವಿದ್ಯೆ

ದೂರುವದು ಬೇರೆ, ತಿಳಿಸುವದು ಬೇರೆ. ದೂರುವವರು ತಮ್ಮ ಮನಸ್ಸಿನ ಬೇಗೆಯನ್ನು ಹೊರಚೆಲ್ಲಿ ಹಗುರಾಗುವರು. ತಿಳಿಸುವವರು ಕೆಟ್ಟುದನ್ನು ಸರಿಪಡಿಸುವವನ ಕೈಗೆ ಕಂದೀಲನ್ನು ಕೊಡುವರು. ಮೊದಲನೆಯದಕ್ಕೆ ನಾಲಗೆಯೊಂದೇ ಸಾಕು. ಎರಡನೆಯದಕ್ಕೆ ಕಣ್ಣು, ತಾಳ್ಮೆ, ನೆನಪು, ನೆಟ್ಟಗೆ ಬರೆಯಬಲ್ಲ ಕೈ ಇವಿಷ್ಟೂ ಬೇಕು. ಆದುದರಿಂದಲೇ ಅದನ್ನು ವಿದ್ಯೆಯೆಂದು ಕರೆಯಲು ನಾವು ಹಿಂಜರಿಯುವದಿಲ್ಲ. ಈ ವಿದ್ಯೆಯು ಇಂದು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವದು ಮುಕ್ತ ತಂತ್ರಾಂಶವೆಂಬ ಕ್ಷೇತ್ರದಲ್ಲಿ. ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಗಣಕಯಂತ್ರದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕನ್ನಡವನ್ನೂ ಇಂಗ್ಲಿಷನ್ನೂ ಕಲಿತು ಹೊರಬಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಮಾತು ಎಲ್ಲರಿಗಿಂತ ಹೆಚ್ಚು ಸಲ್ಲುವದೆಂದು ತೋರಿಸುವದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಸೀಮೆಯ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹೂವಿನ ಹಿಪ್ಪರಗಿಯ ಸುತ್ತಲಿನ ಹೊಲಗಳಲ್ಲಿ ಬಾವಿಗೆ ಕೂಡಿಸಿದ ಮೋಟಾರು ನಿಂತಿತೆಂದು ಭಾವಿಸಿರಿ. ಒಬ್ಬಳು ದುರಸ್ತಿಯವನಿಗೆ, ‘ಅಣ್ಣಾರ, ನಮ್ಮ ಮೋಟಾರ ಕೆಟ್ಟೈತ್ರಿ, ಲಗೂನ ಬರ್ರಿ’ ಎಂದು ಹೇಳಿ ಕಳುಹುವಳು. ಇನ್ನೊಬ್ಬಳು, ‘ನಿನ್ನೆ ಸಂಜೀತನಾ ಛಲೋ ನಡದಿತ್ರಿ. ಇವತ್ತ ಮುಂಜಾನೆ ಕರೆಂಟ ಬಂದಕೂಡ್ಲೆ ಗುಂಯ್ ಅಂತ ಸಪ್ಪಳ ಮಾಡತೈತಿ, ನೀರ ಎತ್ತವಲ್ದು. ಫ್ಯೂಜ್ ನೋಡೀವ್ರಿ, ಹೋಗಿಲ್ಲ’ ಎನ್ನುವಳು. ಇಬ್ಬರ ಸಂಕಟವೂ ಒಂದೇ. ಆದರೆ ಎರಡನೆಯವಳ ಮಾತು ಕೇಳಿದವನು ಮನೆಯಿಂದ ಹೊರಡುವಾಗಲೇ ತಕ್ಕ ಸಾಮಾನುಗಳನ್ನು ಚೀಲಕ್ಕೆ ಹಾಕಿಕೊಳ್ಳುವನು. ಮೊದಲನೆಯವಳ ಕಡೆಗೆ ಎರಡು ಸಾರೆ ಬರಬೇಕಾಗುವದು. ಹೊತ್ತು, ಗಳಿಸಿದ ಹಣ, ಒಣಗುವ ಬೆಳೆ ಇವುಗಳ ಭೇದವೆಲ್ಲವೂ ಆ ನಾಲ್ಕು ಮಾತುಗಳ ಭೇದವೇ ಆಗಿದೆ.

ಇನ್ನು ಮುಕ್ತ ತಂತ್ರಾಂಶವೆಂದರೇನು? ತಂತ್ರಾಂಶವೆಂಬದು ಗಣಕಯಂತ್ರವೂ ಮೊಬೈಲೂ ನಡೆಯತಕ್ಕ ರೀತಿಯನ್ನು ಬರೆದಿಟ್ಟ ಆಜ್ಞೆಗಳ ಸಮೂಹ. ಹೆಚ್ಚಿನ ವ್ಯಾಪಾರಿಗಳು ಆ ಬರಹವನ್ನು ಮುಚ್ಚಿಟ್ಟು, ಅದರ ಫಲವನ್ನು ಮಾತ್ರ ಮಾರುವರು. ಮುಕ್ತ ತಂತ್ರಾಂಶದವರು ಬರಹವನ್ನೇ ಲೋಕದ ಮುಂದೆ ತೆರೆದಿಡುವರು. ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಮ್ಮ ನಾಡಿನ ಕಸೂತಿಯನ್ನು ಬಲ್ಲವರಿಗೆ ಇದನ್ನು ತಿಳಿಸುವದು ಸುಲಭ. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿರುವವು; ಹಿಂದೆ ಹೊರಳಿಸಿ ನೋಡಿದರೂ ಗಂಟು ಕಾಣದು, ಪ್ರತಿಯೊಂದು ಎಳೆಯ ದಾರಿಯೂ ಕಾಣುವದು. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ, ನಮ್ಮಲ್ಲಿಯ ಬಹುಪಾಲು ಮೊಬೈಲುಗಳಿಗೆ ಬುಡವಾದ ಆಂಡ್ರಾಯ್ಡ್ ಮುಂತಾದವು ಈ ಬಗೆಯ ನೇಯ್ಗೆಗಳು. ಹೆಸರು ಗೊತ್ತಿಲ್ಲದವರೂ ದಿನವೂ ಇವುಗಳನ್ನು ಉಪಯೋಗಿಸುತ್ತಿರುವರು.

ಈ ಚಳವಳದ ಮೂಲದಲ್ಲಿಯೇ ಒಂದು ಕೆಟ್ಟ ಯಂತ್ರದ ಸಂಗತಿಯಿದೆ. ಅಮೇರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ನರು, ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾದುಕೊಂಡಿದ್ದವರಿಗೆ ಕೂಡಲೇ ಸುದ್ದಿ ಮುಟ್ಟುವಂತೆ ಅದರ ತಂತ್ರಾಂಶವನ್ನು ತಿದ್ದಿದ್ದರು. ಮುಂದೆ, ೧೯೮೦ರ ಸುಮಾರಿಗೆ, ಹೊಸ ಯಂತ್ರ ಬಂದಿತು. ಅದೂ ಕಾಗದವನ್ನು ಹಿಡಿದುಕೊಳ್ಳುತ್ತಿತ್ತು. ಆದರೆ ಅದರ ಬರಹವನ್ನು ತೋರಿಸಲು ಒಡೆಯರು ಒಪ್ಪಲಿಲ್ಲ. ದೋಷ ಕಣ್ಣೆದುರಿಗಿದ್ದರೂ ಕೈಕಟ್ಟಿ ಕೂಡ್ರಬೇಕಾದ ಆ ಅವಸ್ಥೆಯು ಅವರ ಮನಸ್ಸನ್ನು ಕೊರೆಯಿತು. ೧೯೮೩ರಲ್ಲಿ ಅವರು ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿಯಾದ ಲಿನಸ್ ಟೋರ್ವಾಲ್ಡ್ಸರು ಲಿನಕ್ಸನ್ನು ಆರಂಭಿಸಿದಾಗ, ಬಳಸುವವರಿಗೆ ಏನು ಬೇಕು, ಏನು ಬೇಡ ಎಂದು ತಾವಾಗಿಯೇ ಕೇಳಿದರು. ೧೯೯೭ರಲ್ಲಿ ಎರಿಕ್ ರೇಮಂಡರು ಈ ಪದ್ಧತಿಯನ್ನು ವಿವರಿಸುತ್ತ, ಬಳಸುವವರನ್ನು ಗಿರಾಕಿಗಳೆಂದಲ್ಲ, ಜತೆಗಾರರೆಂದು ಎಣಿಸಬೇಕೆಂದು ವಾದಿಸಿದರು. ೧೯೯೮ರಲ್ಲಿ ಮೋಜಿಲ್ಲಾದವರು ಬಗ್‌ಜಿಲ್ಲಾ ಎಂಬ ದೋಷದಾಖಲೆಯ ವ್ಯವಸ್ಥೆಯನ್ನು ಎಲ್ಲರಿಗೂ ತೆರೆದರು. ಬಳಸುವವನು ಬರೆದ ದೂರಿಗೆ ಒಂದು ಸಂಖ್ಯೆ, ಅದರ ಕೆಳಗೆ ಉತ್ತರ ಪ್ರತ್ಯುತ್ತರ, ಕೊನೆಗೆ ‘ಸರಿಯಾಯಿತು’ ಎಂಬ ಮುದ್ರೆ: ಇವೆಲ್ಲವೂ ಬಯಲಿನಲ್ಲಿ ನಡೆಯುವವು.

ದೋಷವನ್ನು ದಾಖಲಿಸುವ ಶಿಸ್ತು ಅದಕ್ಕಿಂತಲೂ ಹಳೆಯದು. ೧೯೪೭ರ ಸಪ್ಟಂಬರ ೯ರಂದು ಹಾರ್ವರ್ಡಿನ ‘ಮಾರ್ಕ್ ಟೂ’ ಗಣಕಯಂತ್ರದಲ್ಲಿ ಕೆಲಸಗಾರರಿಗೆ ಒಂದು ಪತಂಗ ಸಿಕ್ಕಿತು. ಅವರು ಅದನ್ನು ಬಿಸಾಡಲಿಲ್ಲ. ವೇಳೆಯನ್ನೂ ಸ್ಥಳವನ್ನೂ ಬರೆದು, ದಿನಚರಿಯ ಹಾಳೆಗೆ ಅಂಟಿಸಿಟ್ಟರು. ಆ ಪುಸ್ತಕವು ಇಂದು ಅಮೇರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಆ ಯಂತ್ರದ ಬಳಗದಲ್ಲಿದ್ದ ಗ್ರೇಸ್ ಹಾಪರ್ ಎಂಬ ವಿದುಷಿಯು ಈ ಕಥೆಯನ್ನು ಹೇಳಿ ಹೇಳಿ ಲೋಕಪ್ರಸಿದ್ಧ ಮಾಡಿದಳು. ಯಂತ್ರದ ದೋಷಕ್ಕೆ ‘ಹುಳ’ವೆಂಬ ಅರ್ಥದ ‘ಬಗ್’ ಎಂಬ ಹೆಸರು ಅದಕ್ಕೂ ಮೊದಲೇ ಇತ್ತು. ಎಡಿಸನ್ನನ ಕಾಲದಲ್ಲಿಯೇ ಅದು ರೂಢಿಯಲ್ಲಿತ್ತು. ನಾವು ಕಲಿಯತಕ್ಕದ್ದು ಹೆಸರನ್ನಲ್ಲ. ಎಂದು, ಎಷ್ಟು ಹೊತ್ತಿಗೆ, ಎಲ್ಲಿ, ಏನು ಸಿಕ್ಕಿತು ಎಂದು ಸಾಕ್ಷಿಸಮೇತ ಬರೆದಿಟ್ಟ ಆ ಪದ್ಧತಿಯನ್ನು.

ಈಗ ನಮ್ಮ ನುಡಿಯ ಕಡೆಗೆ ಬರೋಣ. ಹಲವು ವರ್ಷಗಳ ಹಿಂದೆ ಮೊಬೈಲಿನಲ್ಲಿ ಕನ್ನಡವನ್ನು ತೆರೆದರೆ ಬರಿಯ ಚೌಕಗಳು ಕಾಣುತ್ತಿದ್ದವು. ಕೆಲವೆಡೆ ಅಕ್ಷರ ಮೂಡಿದರೂ ಒತ್ತುಗಳು ಕೆಳಗಿಳಿಯದೆ ‘ಕನ್ನಡ’ವು ‘ಕನ್‌ನಡ’ವಾಗಿ ಮುರಿದುಬೀಳುತ್ತಿತ್ತು. ೨೦೧೨ರಲ್ಲಿ ಆಂಡ್ರಾಯ್ಡಿನ ೪.೧ನೆಯ ಆವೃತ್ತಿಯು ಹೊರಬಿದ್ದಾಗ ಕನ್ನಡ, ತೆಲುಗು, ಮಲೆಯಾಳ ಲಿಪಿಗಳಿಗೆ ಅಲ್ಲಿ ಎಡೆ ದೊರೆಯಿತು. ಅದಕ್ಕೆ ಮೊದಲು ಭಾರತೀಯ ಭಾಷೆಗಳ ಬಳಕೆದಾರರು ಅದರ ದೋಷದಾಖಲೆಯಲ್ಲಿ ತಮ್ಮ ಕೊರತೆಯನ್ನು ಬರೆದು ಕೇಳುತ್ತಲೇ ಇದ್ದರು.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ರಕಾರದ್ದು. ‘ಸೂರ್ಯ’ ಎಂಬಲ್ಲಿ ರಕಾರವು ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ನಿಲ್ಲುವದು. ‘ರ‍್ಯಾಂಕ್’ ಎಂಬಲ್ಲಿ ರಕಾರವು ಪೂರ್ಣರೂಪದಲ್ಲಿದ್ದು ಯಕಾರವು ಅದರ ಒತ್ತಾಗಬೇಕು. ಯಂತ್ರಕ್ಕೆ ಈ ಭೇದವನ್ನು ತಿಳಿಸಲು ರಕಾರಕ್ಕೂ ವಿರಾಮಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಇಡಬೇಕೆಂದು ಯುನಿಕೋಡಿನ ನಿಯಮವಿದೆ. ಯಾವದಾದರೊಂದು ತಂತ್ರಾಂಶವು ಆ ಜೋಡಕವನ್ನು ಅಲಕ್ಷಿಸಿದರೆ ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುವದು. ಕ್ಯಾಲಿಫೋರ್ನಿಯದಲ್ಲಿಯೋ ಹೆಲ್ಸಿಂಕಿಯಲ್ಲಿಯೋ ಕುಳಿತ ತಂತ್ರಜ್ಞನಿಗೆ ಎರಡೂ ಚೆಂದದ ದುಂಡಕ್ಷರಗಳೇ. ಅವನಿಗೆ ತಪ್ಪು ಕಾಣಿಸುವದಾದರೂ ಹೇಗೆ? ಅವನು ಎಷ್ಟೇ ಜಾಣನಾಗಿರಲಿ, ನಮ್ಮ ಮೂರನೆಯ ಇಯತ್ತೆಯ ಹುಡುಗಿಗೆ ಕಾಣುವ ದೋಷವು ಅವನಿಗೆ ಕಾಣದು. ಆ ಹುಡುಗಿಯು ಸುಮ್ಮನಿದ್ದರೆ ಆ ದೋಷವೂ ಸುಮ್ಮನೆ ಉಳಿಯುವದು. ತಿಳಿಸಿದರೆ ಫಲವಾದರೂ ಎಷ್ಟು! ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ಒಂದೇ ಮುಕ್ತ ತಂತ್ರಾಂಶವು ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಇವೆಲ್ಲವುಗಳ ಒಳಗೆ ದುಡಿಯುತ್ತಿದೆ. ಅಲ್ಲಿ ಒಂದು ತಪ್ಪು ತಿದ್ದಿದರೆ ಕಾಲಕ್ರಮದಲ್ಲಿ ಎಲ್ಲ ಕಡೆಗೂ ತಿದ್ದಿದಂತಾಗುವದು.

ತಡವಾಗಿ ತಿಳಿಸಿದರೆ ಏನಾಗುವದೆಂಬದಕ್ಕೂ ನಮ್ಮ ಲಿಪಿಯಲ್ಲಿಯೇ ನಿದರ್ಶನವುಂಟು. ಲೋಕದ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯುನಿಕೋಡಿನ ಮೊದಲನೆಯ ಆವೃತ್ತಿಯು ೧೯೯೧ರಲ್ಲಿ ಹೊರಟಿತು, ಕನ್ನಡವೂ ಅದರಲ್ಲಿತ್ತು. ಹಳಗನ್ನಡದ ೞಕಾರಕ್ಕೂ ಒಂದು ಮನೆ ಸಿಕ್ಕಿತು. ಆದರೆ ಅದಕ್ಕೆ ಇಟ್ಟ ಹೆಸರು ‘ಕನ್ನಡ ಲೆಟರ್ ಫಾ’! ಳಕಾರದ ಬಳಗದ ಅಕ್ಷರಕ್ಕೆ ಫಕಾರದ ಹೆಸರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಿದರೆ ಅದನ್ನು ನೆಚ್ಚಿ ನಡೆದ ತಂತ್ರಾಂಶಗಳು ಕೆಡುವವೆಂದು ಹೆಸರುಗಳನ್ನು ಎಂದಿಗೂ ಬದಲಿಸಕೂಡದೆಂಬ ಕಟ್ಟಳೆಯನ್ನು ಯುನಿಕೋಡಿನವರು ಮಾಡಿಕೊಂಡಿದ್ದಾರೆ. ಆದುದರಿಂದ ಆ ತಪ್ಪು ಹೆಸರು ಇಂದಿಗೂ ಹಾಗೆಯೇ ಇದೆ. ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವಾಗಿ ಪಕ್ಕದಲ್ಲಿ ಬರೆದಿದ್ದಾರೆ. ಬಲ್ಲವರೊಬ್ಬರ ಮಾತು ತಕ್ಕ ವೇಳೆಗೆ ತಕ್ಕವರಿಗೆ ಮುಟ್ಟಿದ್ದರೆ ಒಂದು ಸಾಲಿನ ತಿದ್ದಿಕೆಯಲ್ಲಿ ತೀರಬಹುದಾಗಿದ್ದ ಕೆಲಸವಿದು. ಇನ್ನೊಂದು ಮಗ್ಗುಲೂ ಇದೆ. ಹಳೆಯ ಬರಹಗಳಲ್ಲಿ ಬರುವ ನಕಾರಪೊಲ್ಲು ಎಂಬ ಚಿಹ್ನೆಗೆ ಯುನಿಕೋಡಿನಲ್ಲಿ ಮನೆಯೇ ಇರಲಿಲ್ಲ. ಅದರ ಕೊರತೆಯನ್ನು ಆಧಾರಸಮೇತ ಬರೆದು ತಿಳಿಸಿದುದರ ಫಲವಾಗಿ ೨೦೨೧ರ ೧೪ನೆಯ ಆವೃತ್ತಿಯಲ್ಲಿ ಅದು ಸೇರಿತು. ಗೊಣಗುವದರಿಂದ ಬಾರದ ಅಕ್ಷರವು ಬರೆಯುವದರಿಂದ ಬಂದಿತು.

ಹಾಗಾದರೆ ಬರೆಯುವ ಬಗೆ ಯಾವದು? ಇಂಗ್ಲೆಂಡಿನ ತಂತ್ರಜ್ಞರಾದ ಸೈಮನ್ ಟ್ಯಾಥಮರು ೧೯೯೯ರಲ್ಲಿ ಈ ವಿಷಯವಾಗಿಯೇ ಒಂದು ಪ್ರಬಂಧವನ್ನು ಬರೆದರು. ಅದು ಅನೇಕ ಭಾಷೆಗಳಿಗೆ ಪರಿವರ್ತನೆಯಾಗಿದೆ. ಬಗ್‌ಜಿಲ್ಲಾದ ಅರ್ಜಿಯೂ ಮುಖ್ಯವಾಗಿ ಮೂರೇ ಪ್ರಶ್ನೆಗಳನ್ನು ಕೇಳುವದು: ಏನು ಮಾಡಿದಿರಿ? ಏನಾಗಬೇಕಾಗಿತ್ತು? ಏನಾಯಿತು? ಇವುಗಳ ಉತ್ತರವು ಕ್ರಮವಾಗಿ, ಒಂದೊಂದು ಹೆಜ್ಜೆಯೂ ಬೇರೆ ಬೇರೆಯಾಗಿ ಬಂದರೆ ಅರ್ಧ ಕೆಲಸ ಮುಗಿಯಿತು. ಅದರೊಡನೆ ಯಾವ ಯಂತ್ರ, ತಂತ್ರಾಂಶದ ಯಾವ ಆವೃತ್ತಿ ಎಂಬದನ್ನು ಬರೆಯಬೇಕು. ತೆರೆಯ ಚಿತ್ರವನ್ನು ಕೂಡಿಸಬೇಕು. ಕಾಣಿಸಿದ ಎಚ್ಚರಿಕೆಯ ಮಾತನ್ನು ಅಕ್ಷರಶಃ ಎತ್ತಿ ಬರೆಯಬೇಕು. ‘ಏನೋ ಇಂಗ್ಲಿಷಿನಲ್ಲಿ ಬಂದಿತು’ ಎಂದರೆ ಯಾರಿಗೂ ಉಪಯೋಗವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ದೋಷವಿರಬೇಕು. ಬರೆಯುವ ಮುಂಚೆ, ಅದೇ ದೋಷವನ್ನು ಬೇರೆಯವರು ತಿಳಿಸಿರುವರೋ ಎಂದು ಹುಡುಕಬೇಕು. ತಿಳಿಸಿದ್ದರೆ ‘ನನಗೂ ಹಾಗೇ ಆಗಿದೆ’ ಎಂದು ನೂರೊಂದನೆಯ ಸಾಲನ್ನು ಸೇರಿಸುವದಕ್ಕಿಂತ ಹೊಸ ಸಂಗತಿಯೇನಾದರೂ ಇದ್ದರೆ ಅದನ್ನು ಸೇರಿಸುವದು ಮೇಲು.

ಕಂಡುದನ್ನೂ ಊಹಿಸಿದುದನ್ನೂ ಬೆರೆಸಕೂಡದು. ವೈದ್ಯನ ಮುಂದೆ ‘ಹೊಟ್ಟೆ ಬಲಕ್ಕೆ ನೋಯುತ್ತಿದೆ’ ಎನ್ನಬೇಕೇ ಹೊರತು, ರೋಗದ ಹೆಸರನ್ನು ನಾವೇ ಕಟ್ಟಿ ಹೇಳಿದರೆ ಅವನ ದಾರಿ ತಪ್ಪುವದು. ಇನ್ನೊಂದು ಎಚ್ಚರಿಕೆ: ದಾಖಲೆಯು ಲೋಕವೆಲ್ಲ ಓದುವ ಬಯಲು. ಗುಪ್ತಪದ, ಆಧಾರ ಸಂಖ್ಯೆ, ಬ್ಯಾಂಕಿನ ಲೆಕ್ಕ, ಮನೆಯವರ ಭಾವಚಿತ್ರ ಇವು ಆ ತೆರೆಯ ಚಿತ್ರದಲ್ಲಿ ನುಸುಳದಂತೆ ನೋಡಿಕೊಳ್ಳಬೇಕು. ಕಳ್ಳರಿಗೆ ದಾರಿಯಾಗುವಂಥ ದೋಷವಾದರೆ ಅದನ್ನು ಬಯಲಿನಲ್ಲಿ ಸಾರದೆ, ಕಟ್ಟಿದವರಿಗೆ ಗುಟ್ಟಾಗಿ ತಿಳಿಸುವದು ಧರ್ಮ.

ಮಾತಿನ ಹದವು ಬರಿಯ ಸೌಜನ್ಯವಲ್ಲ, ಸುರಕ್ಷಿತತೆಯ ಪ್ರಶ್ನೆಯೂ ಆಗಿದೆ ಎಂಬದನ್ನು ೨೦೨೪ರ ಒಂದು ಘಟನೆಯು ತೋರಿಸಿತು. ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ಬಹುಕಾಲ ಒಬ್ಬನೇ ಸ್ವಯಂಸೇವಕನು ಸಂಬಳವಿಲ್ಲದೆ ನೋಡಿಕೊಂಡಿದ್ದನು. ೨೦೨೨ರಲ್ಲಿ ಗುರುತು ತಿಳಿಯದ ಕೆಲವರು, ಕೆಲಸ ತಡವಾಯಿತು, ಬೇರೆಯವರಿಗೆ ಬಿಟ್ಟುಕೊಡು ಎಂದು ಅವನನ್ನು ಬಹಿರಂಗವಾಗಿ ಪೀಡಿಸಿದರು. ದಣಿದ ಅವನು ನೆರವಿಗೆ ಬಂದ ಒಬ್ಬನಿಗೆ ಅಧಿಕಾರದಲ್ಲಿ ಪಾಲು ಕೊಟ್ಟನು. ಆ ನೆರವಿಗನೇ ೨೦೨೪ರಲ್ಲಿ ತಂತ್ರಾಂಶದೊಳಗೆ ಕಳ್ಳಗಂಡಿಯನ್ನು ಕೊರೆದನು. ಅದು ಹಬ್ಬಿದ್ದರೆ ಲೋಕದ ಅಸಂಖ್ಯ ಯಂತ್ರಗಳ ಬೀಗ ತೆರೆದಂತಾಗುತ್ತಿತ್ತು. ತಪ್ಪಿಸಿದವರು ಆಂಡ್ರೆಸ್ ಫ್ರಾಯಂಡ್ ಎಂಬ ತಂತ್ರಜ್ಞರು. ಬೇರೊಂದು ಕೆಲಸ ಮಾಡುತ್ತಿದ್ದಾಗ, ದೂರದ ಯಂತ್ರದೊಳಕ್ಕೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಅವರು ಗಮನಿಸಿದರು. ‘ಹೋಗಲಿ ಬಿಡು’ ಎನ್ನದೆ ಮೂಲವನ್ನು ಹುಡುಕಿ, ಮಾರ್ಚ ೨೯ರಂದು ಕಂಡುದೆಲ್ಲವನ್ನೂ ಕ್ರಮವಾಗಿ ಬರೆದು ಪ್ರಕಟಿಸಿದರು. ಒಂದು ಕಡೆಗೆ, ಕಿರುಕುಳದ ದೂರುಗಳು ಒಳ್ಳೆಯವನನ್ನು ದಣಿಸಿ ಕಳ್ಳನಿಗೆ ಬಾಗಿಲು ತೆಗೆದವು. ಇನ್ನೊಂದು ಕಡೆಗೆ, ಅರ್ಧ ಸೆಕೆಂಡಿನ ಕೊರತೆಯನ್ನು ತಾಳ್ಮೆಯಿಂದ ತಿಳಿಸಿದ ಒಂದು ವರದಿಯು ಆ ಬಾಗಿಲನ್ನು ಮುಚ್ಚಿತು. ದೂರುವದಕ್ಕೂ ತಿಳಿಸುವದಕ್ಕೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತವನ್ನು ನಾವರಿಯೆವು.

ಆದರೆ ಹೊಣೆಯೆಲ್ಲವನ್ನೂ ಬಳಸುವವರ ತಲೆಗೇ ಕಟ್ಟುವದು ನ್ಯಾಯವಲ್ಲ. ತಂತ್ರಾಂಶ ಕಟ್ಟುವವರ ಮೇಲೆಯೂ ನಮ್ಮ ಆಕ್ಷೇಪಗಳುಂಟು. ಹೊಸಬರ ಅರ್ಜಿಗೆ ‘ಮೊದಲು ಓದಿಕೊಂಡು ಬಾ’ ಎಂದು ಗದರುವ ರೂಢಿಯು ಕೆಲವೆಡೆ ಇದೆ. ಇಷ್ಟು ತಿಂಗಳು ಯಾರೂ ಮಾತಾಡಲಿಲ್ಲವೆಂಬ ಕಾರಣಕ್ಕಾಗಿ ಯಂತ್ರವೇ ಅರ್ಜಿಯನ್ನು ಮುಚ್ಚಿಹಾಕುವ ವ್ಯವಸ್ಥೆಯನ್ನು ಹಲವರು ಇಟ್ಟುಕೊಂಡಿದ್ದಾರೆ. ದೋಷವು ಜೀವಂತವಾಗಿರುವಾಗ ಅದರ ವರದಿಯನ್ನು ಹೂಳುವದು ಯಾವ ವಿವೇಕ? ಎಲ್ಲಕ್ಕೂ ಮೇಲಾಗಿ, ದಾಖಲೆಗಳ ವ್ಯವಹಾರವು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ನಡೆಯುವದು. ಕನ್ನಡದ ದೋಷವನ್ನು ಕಾಣಬಲ್ಲವರೆಲ್ಲರೂ ಇಂಗ್ಲಿಷಿನಲ್ಲಿ ಬರೆಯಬಲ್ಲವರಲ್ಲ. ತಂತ್ರಾಂಶವನ್ನು ಕನ್ನಡದಲ್ಲಿ ಕೊಡುವೆವೆಂದು ಹೇಳಿಕೊಳ್ಳುವವರು ಅದರ ಕುಂದನ್ನು ಕನ್ನಡದಲ್ಲಿ ಕೇಳುವದಕ್ಕೂ ಸಿದ್ಧರಿರಬೇಕೆಂಬದು ನಮ್ಮ ಖಚಿತವಾದ ಅಭಿಪ್ರಾಯ.

‘ಕಟ್ಟಿದವರು ತಿದ್ದಿಕೊಳ್ಳಲಿ, ಬಿಟ್ಟಿ ಕೆಲಸ ನಮಗೇಕೆ?’ ಎನ್ನುವವರೂ ಉಂಟು. ಅವರಿಗೆ ನಮ್ಮ ಉತ್ತರವಿದು. ಊರ ಬಾವಿಯ ಹಗ್ಗ ಸವೆದುದನ್ನು ಕಂಡವಳು, ಹೊಸ ಹಗ್ಗವನ್ನು ತಾನೇ ತರದಿದ್ದರೂ ಹಿರಿಯರಿಗೆ ಹೇಳದೆ ಹೋದರೆ, ನಾಳೆ ಕಳಚುವ ಕೊಡವು ಅವಳದೇ ಆಗಿರಬಹುದು. ಬೇರೆ ಭಾಷೆಯವರು ನಮ್ಮ ಪರವಾಗಿ ಬರೆಯಲಾರರು. ಬರೆಯಬೇಕೆಂದು ಬಯಸುವದೂ ತಪ್ಪು.

ಇಲ್ಲಿಯೇ ನಮ್ಮ ಹೆಣ್ಣುಮಕ್ಕಳ ಪ್ರಶ್ನೆಯು ಬರುವದು. ಯಂತ್ರವು ಹಟಹಿಡಿದಾಗ ಗಂಡುಹುಡುಗನು ‘ಇದು ಕೆಟ್ಟಿದೆ’ ಎನ್ನುವನು; ಹುಡುಗಿಯು ಅನೇಕ ಸಾರೆ ‘ನನಗೆ ಬರುವದಿಲ್ಲ’ ಎನ್ನುವಳು. ಮನೆಯವರೂ ‘ನಿನಗೆ ಅದೆಲ್ಲ ತಿಳಿಯದು, ಅಣ್ಣನ ಕೈಗೆ ಕೊಡು’ ಎಂದು ಅದೇ ಮಾತನ್ನು ಗಟ್ಟಿಮಾಡುವರು. ಯಂತ್ರದ ತಪ್ಪನ್ನು ತನ್ನ ದಡ್ಡತನವೆಂದು ನುಂಗಿಕೊಂಡವಳು ಅದನ್ನು ಯಾರಿಗೂ ತಿಳಿಸಳು. ಹೀಗೆ ಹೆಂಗಸರು, ಹಳ್ಳಿಯವರು, ಮುದುಕರು ಕಾಣುವ ದೋಷಗಳು ದಾಖಲೆಗೇ ಬರದೆ, ಪೇಟೆಯ ಇಂಗ್ಲಿಷ್ ಬಲ್ಲ ಕೆಲವರ ತೊಂದರೆಗಳು ಮಾತ್ರ ದೋಷಗಳೆಂದು ಎಣಿಸಲ್ಪಡುವವು. ತಂತ್ರಾಂಶವು ಯಾರ ಮಾತನ್ನು ಕೇಳುವದೋ ಅವರ ಅಳತೆಗೆ ಹೊಲಿಯಲ್ಪಡುವದು. ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮಗಳು ಮೊಬೈಲಿನ ತೊಂದರೆ ಹೇಳಿಕೊಂಡು ಬಂದಾಗ ಅದನ್ನು ಕಸಿದುಕೊಳ್ಳಬೇಡಿರಿ, ‘ಏನು ಮಾಡಿದಿ, ಏನಾಯಿತು, ಬರೆದು ತೋರಿಸು’ ಎನ್ನಿರಿ.

ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರಿಗೆ ಇನ್ನೂ ಹೆಚ್ಚಿನ ಮಾತಿದೆ. ಪತ್ರಲೇಖನವನ್ನು ನಮ್ಮ ಶಾಲೆಗಳು ಶಿಸ್ತಿನಿಂದ ಕಲಿಸಿದವು. ತಾರೀಖು ಎಲ್ಲಿ, ವಿಷಯ ಎಲ್ಲಿ, ಬಿನ್ನಹ ಹೇಗೆ ಎಂದು ಅಕ್ಕೋರು ಕೆಂಪು ಮಸಿಯಿಂದ ತಿದ್ದಿದ ಆ ಹಾಳೆಗಳ ಫಲವು ಇಂಥಲ್ಲಿ ಕಾಣಬೇಕು. ಒಳ್ಳೆಯ ದೋಷವರದಿಯು ಒಳ್ಳೆಯ ಪತ್ರವೇ ಹೊರತು ಬೇರೆಯಲ್ಲ. ನೀವು ಎರಡು ಭಾಷೆಗಳನ್ನು ಬಲ್ಲಿರಿ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಒಂದು ಮನೆಯಲ್ಲಿ ಅತ್ತೆಗೋ ನೆರೆಯವಳಿಗೋ ತೆರೆಯ ಮೇಲೆ ಕನ್ನಡ ಮುರಿದು ಕಂಡರೆ, ಅವಳ ಮಾತನ್ನು ಅವಳಿಂದಲೇ ಕೇಳಿ, ಇಂಗ್ಲಿಷಿನಲ್ಲಿ ಬರೆದು ಮುಟ್ಟಿಸುವ ಸೇತುವೆ ನೀವಾಗಬಲ್ಲಿರಿ. ಉತ್ತರ ಬಂದರೆ ಅವಳಿಗೆ ಕನ್ನಡದಲ್ಲಿ ತಿಳಿಸಿರಿ. ಮರುಪ್ರಶ್ನೆ ಬಂದರೆ ಬಿಟ್ಟುಬಿಡದೆ ಉತ್ತರಿಸಿರಿ. ದೋಷ ಸರಿಯಾದಾಗ ಒಂದು ಸಾಲಿನ ಉಪಕಾರಸ್ಮರಣೆಯನ್ನು ಬರೆಯಿರಿ. ಸಂಬಳವಿಲ್ಲದೆ ದುಡಿಯುವವನಿಗೆ ಆ ಒಂದು ಸಾಲೇ ಕೂಲಿ.

ವರ್ಷಕ್ಕೆ ಒಂದು ವರದಿಯಂತೆ ನಮ್ಮ ಓದುಗರು ಮನಸ್ಸು ಮಾಡಿದರೂ ಸಾಕು. ಕನ್ನಡದ ಕುಂದುಗಳು ಕನ್ನಡದವರ ಕೈಯಿಂದಲೇ ಬೆಳಕಿಗೆ ಬರಲಿ; ಮೊದಲನೆಯ ವರದಿಯು ಈ ಸಂಚಿಕೆಯನ್ನು ಓದಿದ ಒಬ್ಬ ಹೆಣ್ಣುಮಗಳದಾಗಿರಲಿ ಎಂದು ನಾವು ಹಾರೈಸುತ್ತೇವೆ.